ಒಂದು ಮೀಟರ್ ಉದ್ದದ ವಿಕ್ಟರಿ: ಪ್ಲಾಸ್ಟಿಕ್ ಹಾಯಿಹಡಗು ಕಟ್ಟಲು ಕೂರುವವರಿಗೆ

ಡಬ್ಬಿ ತೆರೆದ ದಿನವೇ ಅಂಟು ಮುಟ್ಟಬೇಡಿ. ಹೆಲ್ಲರ್ ಕಂಪನಿಯ 1/100 ಅಳತೆಯ ಹಳೆಯ ಬ್ರಿಟಿಷ್ ಯುದ್ಧಹಡಗು ಎಚ್‌ಎಂಎಸ್ ವಿಕ್ಟರಿ ಕಿಟ್‌ನಲ್ಲಿ 2,000ಕ್ಕೂ ಜಾಸ್ತಿ ತುಂಡುಗಳಿವೆ, ದಾರದ ಕೆಲಸ ಬೇರೆ. ಭಾನುವಾರ ಮಾತ್ರ ಕೂರುವವರಿಗೆ ಎರಡು ವರ್ಷ ಬೇಕೇ ಬೇಕು. ನನಗೆ ಮೂರು ವರ್ಷ ಹಿಡಿಯಿತು, ಅದರಲ್ಲಿ ಆರು ತಿಂಗಳು ನಾನೇ ಮಾಡಿದ್ದನ್ನು ನಾನೇ ಬಿಚ್ಚುವುದಕ್ಕೆ ಹೋಯಿತು. ಆ ಆರು ತಿಂಗಳು ನಿಮಗಾದರೂ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಅಂದ ಹಾಗೆ ಹೆಲ್ಲರ್ ಮೂಲತಃ ಫ್ರೆಂಚ್ ಕಂಪನಿ. ತಮ್ಮನ್ನೇ ಸೋಲಿಸಿದ ಹಡಗನ್ನು ಇಷ್ಟು ಚೆನ್ನಾಗಿ ಮಾಡಿ ಮಾರಿದ್ದಾರಲ್ಲ, ಅದು ನನಗೆ ಇಷ್ಟ.

ಈ ಕೆಲಸಕ್ಕೆ ನಾನು ಇಟ್ಟುಕೊಂಡಿರುವ ನಿಯಮ ಒಂದೇ: ಬೆರಳು ಹೋಗುವಾಗಲೇ ಮುಗಿಸಿಬಿಡಿ. ಕಿಟ್‌ನ ಪುಸ್ತಿಕೆ 1, 2, 3 ಅಂತ ಹೆಜ್ಜೆ ಹೇಳುತ್ತದೆ ನಿಜ. ಆದರೆ ಪ್ರತಿ ಹೆಜ್ಜೆಗೂ ಮೊದಲು "ಇದನ್ನು ಅಂಟಿಸಿದ ಮೇಲೆ ಎಲ್ಲಿಗೆ ಕೈ ಹೋಗುವುದಿಲ್ಲ?" ಅಂತ ಕೇಳಿಕೊಳ್ಳಿ. ಹಡಗು ಮುಗಿಯುತ್ತಾ ಬಂದಂತೆ ಅದು ಹಗ್ಗದ ಕಾಡಾಗುತ್ತದೆ, ಅದರೊಳಗೆ ಚಿಮುಟ ಬಿಟ್ಟರೂ ನಾಲ್ಕು ದಾರಕ್ಕೆ ಸಿಕ್ಕಿಕೊಳ್ಳುತ್ತದೆ.

ಮೊದಲು ಯಾವ ವಿಕ್ಟರಿ ಕಟ್ಟುತ್ತೀರಿ ಅನ್ನುವುದು ತೀರ್ಮಾನವಾಗಬೇಕು. ಥಾಮಸ್ ಸ್ಲೇಡ್ ವಿನ್ಯಾಸ ಮಾಡಿದ ಈ ಹಡಗು 1765ರ ಮೇ 7ರಂದು ಇಂಗ್ಲೆಂಡಿನ ಚಾಥಮ್‌ನಲ್ಲಿ ನೀರಿಗಿಳಿಯಿತು. ಆಗ ಇದರ ಹಿಂಭಾಗದಲ್ಲಿ ತೆರೆದ ಬಾಲ್ಕನಿಗಳಿದ್ದವು. 1800ರಿಂದ 1803ರವರೆಗೆ ನಡೆದ ದೊಡ್ಡ ರಿಪೇರಿಯಲ್ಲಿ ಅವನ್ನು ಮುಚ್ಚಿದರು. ಅದರ ಮರುವರ್ಷಗಳಲ್ಲಿ, 1805ರ ಅಕ್ಟೋಬರ್ 21ರಂದು, ಬ್ರಿಟಿಷ್ ನೌಕಾಪತಿ ನೆಲ್ಸನ್ ಫ್ರೆಂಚರನ್ನು ಸೋಲಿಸಿದ ಟ್ರಫಾಲ್ಗರ್ ಕದನಕ್ಕೆ ಹೋದದ್ದು ಈ ಹೊಸ ರೂಪದ ಹಡಗಿನಲ್ಲಿ. ಈಗ ಅದು ಪೋರ್ಟ್ಸ್‌ಮತ್‌ನ ಒಣ ಡಾಕ್‌ನಲ್ಲಿ 1922ರಿಂದ ನಿಂತಿದೆ. 1805ರದ್ದು ಕಟ್ಟುವುದಾದರೆ ಆ ಕದನದಲ್ಲಿ ಗುಂಡು ತಗುಲಿ ನೆಲ್ಸನ್ ಬಿದ್ದ ಜಾಗದಲ್ಲಿ ಡೆಕ್ ಮೇಲೆ ಈಗಿರುವ ಹಿತ್ತಾಳೆ ಫಲಕವನ್ನು ಹಾಕುವಂತಿಲ್ಲ, ಅಲ್ವಾ? ನಾನು ಆಸೆಪಟ್ಟು ಹಾಕಿ, ಆಮೇಲೆ ಕಿತ್ತೆ. ಇನ್ನೊಂದು ವಿಷಯ: ಫೋಟೋ ನೋಡಿ ಹಗ್ಗ ಕಟ್ಟುತ್ತೇನೆ ಅನ್ನುವವರು 2011ಕ್ಕಿಂತ ಹಿಂದಿನ ಫೋಟೋಗಳನ್ನೇ ಹುಡುಕಿ. ಆ ವರ್ಷ ರಿಪೇರಿಗಾಗಿ ಮೇಲಿನ ಕೂವೆಮರಗಳನ್ನೂ (ಹಾಯಿಕಂಬಗಳು), ಹಾಯಿ ತೂಗುಹಾಕುವ ಅಡ್ಡಮರಗಳನ್ನೂ ಇಳಿಸಿದರು.

ತುಂಡುಗಳನ್ನು ಚೌಕಟ್ಟಿನಲ್ಲಿರುವಾಗಲೇ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಅಚ್ಚಿನ ಎಣ್ಣೆ ಉಳಿದಿದ್ದರೆ ಬಣ್ಣ ಸಿಪ್ಪೆ ಥರ ಏಳುತ್ತದೆ. ಬಿಸಿನೀರು ಬೇಡ, ತೆಳು ತುಂಡುಗಳು ಸೊಟ್ಟಗಾಗುತ್ತವೆ. ಬಿಸಿಲಂತೂ ಬೇಡವೇ ಬೇಡ.

ಇನ್ನು ಹಡಗಿನ ಒಡಲು. ಎಡ, ಬಲ ಎರಡು ಭಾಗ. ಇಷ್ಟು ಉದ್ದದ ತೆಳು ಪ್ಲಾಸ್ಟಿಕ್ ಒಳಕ್ಕೋ ಹೊರಕ್ಕೋ ಸ್ವಲ್ಪ ಬಾಗಿಯೇ ಇರುತ್ತದೆ, ಗಾಬರಿ ಬೇಡ. ಅಂಟಿಲ್ಲದೆ ಬಟ್ಟೆ ಕ್ಲಿಪ್ಪು, ರಬ್ಬರ್ ಬ್ಯಾಂಡು ಹಾಕಿ ಜೋಡಿಸಿ, ಡೆಕ್‌ಗಳು ಕೂರುತ್ತವೆಯೇ ನೋಡಿ. ಒಳಗೆ ನಾಲ್ಕೈದು ಕಡೆ ಪ್ಲೈವುಡ್ ಅಡ್ಡಗೋಡೆ ಕೊಟ್ಟರೆ ಮುಂದೆ ಹಗ್ಗ ಬಿಗಿದಾಗ ಒಡಲು ಕಿಸಿಯುವುದಿಲ್ಲ. ನಿಜವಾದ ವಿಕ್ಟರಿಗೂ ಇದೇ ಕಾಯಿಲೆ. ನೀರಿಲ್ಲದೆ ನಿಂತು ನಿಂತು ಒಡಲು ಜಗ್ಗುತ್ತಿತ್ತು ಅಂತ ಈಗ 134 ಆಸರೆ ಕಂಬಗಳನ್ನು ಕೊಟ್ಟು ನಿಲ್ಲಿಸಿದ್ದಾರೆ.

ಒಡಲು ಮುಚ್ಚುವ ಮುಂಚೆಯೇ ಸ್ಟ್ಯಾಂಡ್ ಯೋಚಿಸಿ. ತಳದಲ್ಲಿ ಎರಡು ತೂತು ಕೊರೆದು, ಒಳಗಡೆ ನಟ್ ಇಟ್ಟು ಎಪಾಕ್ಸಿ ಅಂಟು ಸುರಿದುಬಿಡಿ. ಆಮೇಲೆ ಕೆಳಗಿನಿಂದ ಬೋಲ್ಟ್ ತಿರುಗಿಸಿದರೆ ಹಲಗೆ ಮೇಲೆ ಗಟ್ಟಿಯಾಗಿ ಕೂರುತ್ತದೆ. ಕೆಲಸ ಮಾಡುವಾಗಲೂ ಆ ಹಲಗೆ ಮೇಲೇ ಇರಲಿ. ಸುಮ್ನೆ ತೊಟ್ಟಿಲಿನಂಥ ಸ್ಟ್ಯಾಂಡ್ ಮೇಲೆ ಇಟ್ಟ ಹಡಗು ಒಂದಲ್ಲ ಒಂದು ದಿನ ಕೈ ತಾಗಿ ಉರುಳುತ್ತದೆ.

ಈಗ ಫಿರಂಗಿಗಳು. ಟ್ರಫಾಲ್ಗರ್ ದಿನ ಹಡಗಿನಲ್ಲಿ 104 ಇದ್ದವು. ಕೆಳಗಿನ ಡೆಕ್‌ನಲ್ಲಿ 32 ಪೌಂಡಿನ ಗುಂಡು ಹಾರಿಸುವ 30, ನಡುವಿನದರಲ್ಲಿ 24 ಪೌಂಡಿನ 28, ಮೇಲಿನದರಲ್ಲಿ 12 ಪೌಂಡಿನ 30. ಹಿಂದಿನ ಎತ್ತರದ ಡೆಕ್‌ನಲ್ಲಿ 12 ಪೌಂಡಿನ ಇನ್ನೂ 12, ಮೂತಿಯ ಕಡೆ ಅಂಥವೇ 2, ಜೊತೆಗೆ 68 ಪೌಂಡಿನ ಕ್ಯಾರೊನೇಡ್ ಅನ್ನುವ ಗಿಡ್ಡ ಫಿರಂಗಿ 2. ಕೊಳವೆ ಎರಡು ಸೀಳಾಗಿ ಇರುವುದರಿಂದ ಪ್ರತಿಯೊಂದಕ್ಕೂ ಅಂಟಿಸು, ಉಜ್ಜು, ಬಳಿ. ಒಂದೇ ದಿನ ಎಲ್ಲ ಮಾಡಲು ಹೋಗಬೇಡಿ, ತಲೆ ಕೆಡುತ್ತದೆ. ದಿನಕ್ಕೆ ಹತ್ತರಂತೆ ಟಿವಿ ನೋಡುತ್ತಾ ಉಜ್ಜಿ. ಕೆಳಗಿನ ಎರಡು ಡೆಕ್‌ನವಕ್ಕೆ ಹಗ್ಗ, ರಾಟೆ ಎಲ್ಲ ಕಟ್ಟುವ ಗೋಜಿಗೆ ಹೋಗಬೇಡಿ. ಮೇಲೆ ಡೆಕ್ ಕೂತ ಮೇಲೆ ದೇವರಾಣೆಗೂ ಕಾಣುವುದಿಲ್ಲ. ಆದರೆ ಅಂಟು ಮಾತ್ರ ಧಾರಾಳವಾಗಿರಲಿ, ಸಾಧ್ಯವಾದರೆ ಫಿರಂಗಿ ಕೂರುವ ಗಾಡಿಯ ತಳದಿಂದ ಡೆಕ್‌ಗೆ ಒಂದು ಚಿಕ್ಕ ತಂತಿ ತೂರಿಸಿ. ನನ್ನ ಹಡಗಿನಲ್ಲಿ ಎಲ್ಲ ಮುಚ್ಚಿ ಎರಡು ತಿಂಗಳಾದ ಮೇಲೆ ನಡುಡೆಕ್‌ನ ಒಂದು ಫಿರಂಗಿ ಕಳಚಿಕೊಂಡಿತು. ಈಗಲೂ ಹಡಗು ಎತ್ತಿದರೆ ಒಳಗೆ ಗೆಜ್ಜೆ ಥರ ಗಲಗಲ ಅನ್ನುತ್ತದೆ. ಬಣ್ಣ ಬಳಿದ ಜಾಗಕ್ಕೆ ಅಂಟು ಹಾಕಿದ್ದೇ ತಪ್ಪು. ಪ್ಲಾಸ್ಟಿಕ್ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಹಿಡಿಯುತ್ತದೆ, ಬಣ್ಣದ ಮೇಲೆ ಅದರ ಆಟ ನಡೆಯುವುದಿಲ್ಲ. ಅಂಟುವ ಜಾಗದ ಬಣ್ಣ ಕೆರೆದೇ ಹಚ್ಚಿ.

ಬಣ್ಣದ ವಿಷಯಕ್ಕೆ ಜಗಳವೇ ಇದೆ. ಹಳೆಯ ಫೋಟೋಗಳಲ್ಲಿ ವಿಕ್ಟರಿಯ ಪಟ್ಟೆಗಳು ಗಾಢ ಸಾಸಿವೆ ಬಣ್ಣ. ಪದರ ಪದರವಾಗಿ ಹಳೆ ಬಣ್ಣ ಕೆರೆದು ಪರೀಕ್ಷೆ ಮಾಡಿ, 1805ರದ್ದು ಇದಕ್ಕಿಂತ ತಿಳಿಯಾಗಿತ್ತು ಅಂತ ಕಂಡುಕೊಂಡು, 2015ರಲ್ಲಿ ಇಡೀ ಹಡಗಿಗೆ ಆ ಬಣ್ಣ ಬಳಿದರು. ನಾನು ತಿಳಿ ಬಣ್ಣದ ಕಡೆ. ಹಳದಿ ಪಟ್ಟೆ ಮೇಲೆ ಫಿರಂಗಿ ಕಿಂಡಿಯ ಮುಚ್ಚಳಗಳು ಕಪ್ಪಗಿದ್ದು, ಮುಚ್ಚಿದಾಗ ಚದುರಂಗದ ಮಣೆಯಂತೆ ಕಾಣುತ್ತವೆ. ಮೊದಲು ತಿಳಿ ಬಣ್ಣ ಬಳಿದು, ಟೇಪ್ ಹಚ್ಚಿ, ಆಮೇಲೆ ಕಪ್ಪು. ಟೇಪಿನ ಅಂಚಿನ ಮೇಲೆ ಮತ್ತೊಮ್ಮೆ ತಿಳಿ ಬಣ್ಣವನ್ನೇ ಎಳೆದು ಒಣಗಿಸಿ ಕಪ್ಪು ಹಾಕಿದರೆ ಸೋರಿದರೂ ಅದೇ ಬಣ್ಣ ಸೋರುತ್ತದೆ, ಗೆರೆ ಚೂಪಾಗಿ ಬರುತ್ತದೆ. ನೀರಿನ ಕೆಳಗಿನ ಭಾಗಕ್ಕೆ 1780ರಲ್ಲಿ ತಾಮ್ರದ ತಗಡು ಹೊಡೆದರು. ಹಾಗಂತ ಹೊಳೆಯುವ ತಾಮ್ರದ ಬಣ್ಣ ಹಾಕಿಬಿಟ್ಟರೆ ಹಬ್ಬಕ್ಕೆ ಹುಣಸೆಹಣ್ಣಲ್ಲಿ ಉಜ್ಜಿದ ಚೊಂಬಿನ ಹಾಗೆ ಕಾಣುತ್ತದೆ. ಕಂದು ಬೆರೆಸಿ ಮಂಕು ಮಾಡಿ.

ಡೆಕ್‌ಗೆ ಮರದ ಬಣ್ಣ ಬರಬೇಕಾದರೆ: ತಳಕ್ಕೆ ತಿಳಿ ಮರಳಿನ ಬಣ್ಣ, ಅಲ್ಲಲ್ಲಿ ಕೆಲವು ಹಲಗೆಗೆ ಮಾತ್ರ ಒಂದು ಗುಂಜಿ ಬೂದು, ಒಂದು ಗುಂಜಿ ಕಂದು. ಆಕ್ರಿಲಿಕ್ ಚೆನ್ನಾಗಿ ಒಣಗಿದ ಮೇಲೆ ಬರ್ಂಟ್ ಅಂಬರ್ (ಗಾಢ ಕಂದು) ಆಯಿಲ್ ಪೇಂಟ್ ತೆಳುವಾಗಿ ಕಲಸಿ ಬಳಿದು, ಹತ್ತು ನಿಮಿಷ ಬಿಟ್ಟು ಹಲಗೆಯ ಉದ್ದಕ್ಕೇ ಒರೆಸಿ. ಅಡ್ಡಡ್ಡ ಒರೆಸಿದರೆ ಕೆಟ್ಟಿತು. ಕ್ಯಾಮೆಲ್‌ನ ಚಿಕ್ಕ ಟ್ಯೂಬ್ ಒಂದು ಸಾಕು, ಹತ್ತು ಹಡಗಿಗಾಗುತ್ತದೆ.

ಕೂವೆಮರಗಳಿಗೆ ಬಂದಾಗ ಜನ ಎಡವುವುದು ಜಾಸ್ತಿ. ಪ್ಲಾಸ್ಟಿಕ್ ಕೂವೆ ನೋಡಲು ನೆಟ್ಟಗಿರುತ್ತದೆ, ಹಗ್ಗ ಬಿಗಿಯುತ್ತಿದ್ದಂತೆ ಬಿಲ್ಲಾಗುತ್ತದೆ. ಎರಡು ಸೀಳು ಅಂಟಿಸುವ ಮುಂಚೆ ಒಳಗೆ ಹಿತ್ತಾಳೆ ಸರಳು ಇಟ್ಟು ಎಪಾಕ್ಸಿ ತುಂಬಿ. ತುದಿಯ ಸಣ್ಣ ಕೂವೆಗಳನ್ನು ಮರದ ಕಡ್ಡಿಯಲ್ಲೇ ಉಜ್ಜಿ ಮಾಡಿಕೊಂಡರೆ ಇನ್ನೂ ವಾಸಿ. ಇದು ಮೋಸ ಅಲ್ಲವಾ ಅಂತ ಒಬ್ಬರು ಕೇಳಿದರು. ಸ್ವಾಮಿ, ಪೋರ್ಟ್ಸ್‌ಮತ್‌ನಲ್ಲಿ ನಿಂತಿದ್ದ ಅಸಲಿ ವಿಕ್ಟರಿಯ ಕೆಳಗೂವೆಗಳೇ ಕಬ್ಬಿಣದವು, ಎಚ್‌ಎಂಎಸ್ ಶಾ ಅನ್ನುವ ಬೇರೆ ಹಡಗಿನಿಂದ ತಂದು ನಿಲ್ಲಿಸಿದವು!

ಈಗ ದಾರ. ಅಸಲಿ ಹಡಗಿಗೆ ಸುಮಾರು 26 ಮೈಲಿ ಹಗ್ಗ ಬೇಕಿತ್ತು ಅನ್ನುತ್ತಾರೆ. ಎರಡು ಜಾತಿ ಅಂತ ತಿಳಿಯಿರಿ. ಕೂವೆಯನ್ನು ನಿಲ್ಲಿಸಿ ಹಿಡಿಯುವ ಹಗ್ಗಗಳು ಅಲುಗಾಡುವುದಿಲ್ಲ, ಟಾರ್ ಬಳಿದು ಕಪ್ಪಗಿರುತ್ತವೆ. ಹಾಯಿ, ಅಡ್ಡಮರ ಎಳೆಯುವ ಹಗ್ಗಗಳು ನಾರಿನ ಬಣ್ಣ. ಈ ಎರಡು ಬಣ್ಣ ಸರಿಯಾದರೆ ಅರ್ಧ ಹಡಗು ಗೆದ್ದಿರಿ. ದಪ್ಪದ ಲೆಕ್ಕ ಹೀಗೆ: ಆಗಿನವರು ಹಗ್ಗವನ್ನು ಸುತ್ತಳತೆಯಲ್ಲಿ ಹೇಳುತ್ತಿದ್ದರು. 10 ಇಂಚಿನ ಹಗ್ಗ ಅಂದರೆ ದಪ್ಪ 3.2 ಇಂಚು, ಅಂದರೆ 81 ಮಿಲಿಮೀಟರ್. ನೂರರಿಂದ ಭಾಗಿಸಿ, 0.8 ಮಿಮೀ ದಾರ. ನೈಲಾನ್ ಬೇಡ, ಹಿಗ್ಗುತ್ತದೆ. ಬರೀ ಹತ್ತಿ ದಾರವೂ ಮಳೆಗಾಲಕ್ಕೊಂದು ಥರ, ಬೇಸಿಗೆಗೊಂದು ಥರ. ನಾನು ಚಿಕ್ಕಪೇಟೆಯಲ್ಲಿ ಟೈಲರ್ ಸಾಮಾನಿನ ಅಂಗಡಿಗೆ ಹೋಗಿ ಪಾಲಿಯೆಸ್ಟರ್ ದಾರ ಐದು ದಪ್ಪದಲ್ಲಿ ತಂದೆ. "ಏನ್ ಸಾರ್, ಗಾಳಿಪಟಾನಾ?" ಅಂದರು ಅಂಗಡಿಯವರು. ಹಡಗು ಅಂದೆ. ಸ್ವಲ್ಪ ಹೊತ್ತು ನೋಡಿ ಎರಡು ಉಂಡೆ ಜಾಸ್ತಿ ಕೊಟ್ಟರು, ದುಡ್ಡು ತೆಗೆದುಕೊಂಡೇ. ದಾರವನ್ನು ಜೇನುಮೇಣದ ಗಟ್ಟಿಯ ಮೇಲೆ ಎರಡು ಸಲ ಎಳೆದು ಬಳಸಿ, ನವಿರು ಕೂರುತ್ತದೆ.

ಕಟ್ಟುವ ಕ್ರಮ ಹೇಳುತ್ತೇನೆ. ಮೊದಲು ಕೂವೆಯ ಪಕ್ಕದ ಶ್ರೌಡ್ ಹಗ್ಗಗಳು. ಎರಡೆರಡು ಜೋಡಿಯಾಗಿ, ಕೂವೆಯ ತಲೆ ಸುತ್ತಿ ಇಳಿಯುತ್ತವೆ. ಬಲಗಡೆಯ ಮುಂದಿನ ಜೋಡಿ, ಆಮೇಲೆ ಎಡಗಡೆಯದು, ಮತ್ತೆ ಬಲ, ಮತ್ತೆ ಎಡ. ಒಂದೇ ಕಡೆ ಎಲ್ಲ ಬಿಗಿದರೆ ಕೂವೆ ಆ ಕಡೆ ವಾಲುತ್ತದೆ. ಇವೆಲ್ಲ ಮುಗಿದ ಮೇಲೆ ಮುಂದಕ್ಕೆ ಎಳೆಯುವ ದಪ್ಪ ಸ್ಟೇ ಹಗ್ಗ. ಶ್ರೌಡ್ ಕೆಳತುದಿಯಲ್ಲಿ ಮೂರು ತೂತಿನ ಡೆಡ್‌ಐ ಬಿಲ್ಲೆ ಬರುತ್ತದೆ, ಅದನ್ನು ಕೆಳಗಿನ ಬಿಲ್ಲೆಗೆ ಸಣ್ಣ ದಾರದಿಂದ ಬಿಗಿಯಬೇಕು. ಮೇಲಿನ ಬಿಲ್ಲೆಗಳೆಲ್ಲ ಒಂದೇ ಸಾಲಿನಲ್ಲಿ ಇರಬೇಕಾದರೆ ಹೇರ್‌ಪಿನ್ ತುದಿಗಳನ್ನು ಬಗ್ಗಿಸಿ ಮೇಲಿನ, ಕೆಳಗಿನ ಬಿಲ್ಲೆಗಳ ತೂತಿಗೆ ಸಿಕ್ಕಿಸಿ ಹಿಡಿದುಕೊಳ್ಳಿ. ಪ್ರತಿ ಸಲ ಅದೇ ಪಿನ್, ಅದೇ ಅಂತರ.

ಆಮೇಲೆ ನಾವಿಕರು ಹತ್ತುವ ಏಣಿಯ ಅಡ್ಡದಾರಗಳು, ಅಂದರೆ ರ‍್ಯಾಟ್‌ಲೈನ್. ಅಂತರ 13 ಇಂಚು ಅಂದರೆ ನಮ್ಮ ಅಳತೆಗೆ 3.3 ಮಿಮೀ. ಗೆರೆ ಹಾಕಿದ ಬಿಳಿ ರಟ್ಟನ್ನು ಹಿಂದೆ ಸಿಕ್ಕಿಸಿ, ಪ್ರತಿ ಶ್ರೌಡ್‌ಗೂ ಒಂದೊಂದು ಕ್ಲೋವ್ ಹಿಚ್ ಗಂಟು, ಅಂದರೆ ಎರಡು ಸುತ್ತು ಒಂದರ ಮೇಲೊಂದು ಅಡ್ಡ ಹಾಯ್ದು ಬಿಗಿಯುವ ಗಂಟು. ತುದಿಯ ಎರಡಕ್ಕೆ ಮಾತ್ರ ತೆಳು ಫೆವಿಕಾಲ್ ಮುಟ್ಟಿಸಿ. ಸೂಪರ್ ಗ್ಲೂ ಹಾಕಿದರೆ ಬಿಳಿ ಬೂಸು ಏಳುತ್ತದೆ, ದಾರ ಕಡ್ಡಿಯಾಗುತ್ತದೆ. ಗಂಟು ಬಿಗಿಯುವಾಗ ಶ್ರೌಡ್‌ಗಳು ಒಳಕ್ಕೆ ಜಗ್ಗಿ ನಡು ಸಣ್ಣಗಾಗುವುದು ಎಲ್ಲರಿಗೂ ಆಗುತ್ತದೆ. ನನ್ನ ಮೊದಲ ಕೂವೆ ಡಮರುಗದಂತಾಗಿ ಪೂರ್ತಿ ಕತ್ತರಿಸಿ ಹಾಕಿದೆ. ಹತ್ತು ಸಾಲಿಗೊಮ್ಮೆ ದೂರ ನಿಂತು ನೋಡಿ. ಇದು ಸಾವಿರಾರು ಗಂಟಿನ ಕೆಲಸ. ಬೇಜಾರಾದ ದಿನ ಬಿಟ್ಟುಬಿಡಿ, ಬೇಜಾರಲ್ಲಿ ಹಾಕಿದ ಗಂಟು ಕಣ್ಣಿಗೆ ಹೊಡೆದು ಕಾಣುತ್ತದೆ.

ಅಡ್ಡಮರಗಳಿಗೆ ಬೇಕಾದ ರಾಟೆಗಳನ್ನೆಲ್ಲ ಮೇಜಿನ ಮೇಲೇ ಕಟ್ಟಿಕೊಂಡು ಆಮೇಲೆ ಏರಿಸಿ. ಎಳೆಯುವ ಹಗ್ಗಗಳಲ್ಲಿ ಕೂವೆಯ ಬುಡದಲ್ಲಿ ಕಟ್ಟುವವು ಮೊದಲು, ಹಡಗಿನ ಅಂಚಿನಲ್ಲಿ ಕಟ್ಟುವವು ಕೊನೆಗೆ. ಉಲ್ಟಾ ಮಾಡಿದರೆ ನಡುವಿಗೆ ಕೈ ಹೋಗುವುದಿಲ್ಲ. ದೋಣಿಗಳು, ಲಂಗರು, ಹಿಂದಿನ ಮೂರು ಲಾಂದ್ರ ಎಲ್ಲ ಕಟ್ಟಕಡೆಗೆ, ಇಲ್ಲದಿದ್ದರೆ ಅಂಗಿಯ ತೋಳಿಗೆ ಸಿಕ್ಕಿ ಮುರಿಯುತ್ತವೆ.

ಹಾಯಿ? ಪ್ಲಾಸ್ಟಿಕ್ ಹಾಯಿ ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ಪೂರ್ತಿ ಹಾಯಿ ಬಿಚ್ಚಿದರೆ ಮೂರು ವರ್ಷ ಕಟ್ಟಿದ ಹಗ್ಗವೆಲ್ಲ ಹಿಂದೆ ಅಡಗಿಹೋಗುತ್ತದೆ. ಬೇಕೇ ಬೇಕಾದರೆ ಟಿಶ್ಯೂ ಕಾಗದಕ್ಕೆ ತೆಳು ಫೆವಿಕಾಲ್ ಬಳಿದು ಸುತ್ತಿ ಅಡ್ಡಮರಕ್ಕೆ ಕಟ್ಟಿ, ಸುತ್ತಿಟ್ಟ ಹಾಯಿಯಂತೆ. ಟ್ರಫಾಲ್ಗರ್‌ನಲ್ಲಿ ಬಿಚ್ಚಿದ್ದ ಮುಂಗೂವೆಯ ಮೇಲಿನ ಹಾಯಿಯೊಂದು ಇನ್ನೂ ಉಳಿದಿದೆ, ಸುಮಾರು 90 ತೂತುಗಳ ಸಮೇತ.

ಧೂಳಿಗೆ ಗಾಜಿನ ಪೆಟ್ಟಿಗೆ ಬೇಕೇ ಬೇಕು. ನಾಮಫಲಕ ಮಾಡುವ ಅಂಗಡಿಯವರು ಆಕ್ರಿಲಿಕ್ ಶೀಟ್ ಕತ್ತರಿಸಿ ಅಂಟಿಸಿಕೊಡುತ್ತಾರೆ. 120 ಸೆಂಮೀ ಉದ್ದ, 45 ಅಗಲ, 90 ಎತ್ತರ ಹೇಳಿ. ಮನೆಯಲ್ಲಿ ಅಷ್ಟು ಜಾಗ ಎಲ್ಲಿದೆ ಅಂತ ಕಿಟ್ ಕೊಳ್ಳುವ ಮುಂಚೆಯೇ ಮನೆಯವರ ಜೊತೆ ಮಾತಾಡಿಕೊಳ್ಳಿ. ನಾನು ಆಮೇಲೆ ಮಾತಾಡಿದೆ.

ಪೆಟ್ಟಿಗೆ ಮುಚ್ಚುವ ಮುಂಚೆ ಬಾವುಟ. ನೆಲ್ಸನ್‌ನ "ಪ್ರತಿಯೊಬ್ಬನೂ ತನ್ನ ಕರ್ತವ್ಯ ಮಾಡುವನೆಂದು ಇಂಗ್ಲೆಂಡ್ ನಿರೀಕ್ಷಿಸುತ್ತದೆ" ಅನ್ನುವ ಪ್ರಸಿದ್ಧ ಸಂದೇಶದ 31 ಬಾವುಟಗಳನ್ನೂ ತೋರಣದ ಹಾಗೆ ಒಟ್ಟಿಗೆ ಕಟ್ಟುವವರಿದ್ದಾರೆ. ಯುದ್ಧದ ದಿನ ಅವು 12 ಕಂತಿನಲ್ಲಿ, ಒಂದು ಇಳಿದ ಮೇಲೆ ಇನ್ನೊಂದು ಏರಿದ್ದವು. ಒಂದು ಕಂತು ಮಾತ್ರ ಏರಿಸಿ ಸಾಕು. ಕಾಗದದ ಬಾವುಟವನ್ನು ಓರೆಯಾಗಿ ಪೆನ್ಸಿಲ್‌ಗೆ ಸುತ್ತಿ ಮಡಿಕೆ ಬರಿಸಿ. ಇನ್ನೊಂದು, ಬಾವುಟ ಹಿಂದಕ್ಕೆ ಹಾರುವ ಹಾಗೆ ಅಂಟಿಸಿಬಿಡಬೇಡಿ. ಇದು ಕಾರಲ್ಲ. ಅವತ್ತು ಗಾಳಿ ಬೀಸುತ್ತಿದ್ದದ್ದು ವಿಕ್ಟರಿಯ ಬೆನ್ನ ಕಡೆಯಿಂದ, ಅದೂ ಮೆಲ್ಲಗೆ. ಹಾಗಾಗಿ ಬಾವುಟದ ತುದಿ ಹಡಗಿನ ಮೂತಿಯ ಕಡೆಗೇ, ಸ್ವಲ್ಪ ಜೋತುಬಿದ್ದಂತೆ ಇರಬೇಕು.