ಹೊಗೆ ಯಾವ ಹೊತ್ತಿಗೆ ವಾಪಸ್ ಬರುತ್ತದೆ?

ಒಲೆ ಹೊಗೆ ಕಾರುತ್ತಿದೆ ಅಂದ ಕೂಡಲೇ ಸಿಗುವ ಸಲಹೆ ಒಂದೇ: ಪೈಪ್ ಎತ್ತರಿಸಿ. ಹೊಸದುರ್ಗದ ಕಡೆ ನಮ್ಮ ಮನೆಯ ಅಸ್ತ್ರ ಒಲೆಯನ್ನು ನಾನೇ ಕೂತು ಸರಿ ಮಾಡಿದೆ. ಆ ಅನುಭವದ ಮೇಲೆ ಬೇರೆ ಮಾತು ಹೇಳುತ್ತೇನೆ. ಪೈಪಿಗೆ ಕೈ ಹಾಕುವ ಮುಂಚೆ, ಹೊಗೆ ಯಾವಾಗ ವಾಪಸ್ ಬರುತ್ತದೆ ಅಂತ ನೋಡಿ. ಒಲೆ ಹಚ್ಚುವಾಗಲಾ, ಬಾಗಿಲು ಹಾಕಿದಾಗಲಾ, ಗಾಳಿ ಎದ್ದಾಗಲಾ, ಇಡೀ ದಿನಾನಾ? ಒಂದೊಂದಕ್ಕೂ ಕಾರಣ ಬೇರೆ.

ನಮ್ಮಲ್ಲಿ ಗ್ಯಾಸ್ ಇದೆ. ಆದರೂ ಸ್ನಾನದ ನೀರು, ಮುದ್ದೆ, ಕಾಳು ಬೇಯಿಸುವುದು ಎಲ್ಲ ಒಲೆಯ ಮೇಲೆಯೇ. ತೋಟದ ತೆಂಗಿನ ಮಟ್ಟೆ, ಬದುವಿನ ಜಾಲಿ ಕಟ್ಟಿಗೆ ಇರುವಾಗ ಸುಮ್ನೆ ಯಾಕೆ ಬಿಡಬೇಕು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಅನ್ನೋ ವಿಭಾಗ ಶುರುವಾಯಿತು. ಈ ಒಲೆ ಬಂದದ್ದು ಅಲ್ಲಿಂದ. ಕೆಳಗೆ ಜಾಲರಿ, ಮೇಲೆ ಸಾಲಾಗಿ ಪಾತ್ರೆ ಕೂರುವ ಕಣ್ಣುಗಳು, ಕೊನೆಗೆ ಹೊಗೆ ಪೈಪ್. ಪೈಪ್ ಸರಿಯಾಗಿ ಎಳೆದರೆ ಮಾತ್ರ ಇದು ಒಳ್ಳೆ ಒಲೆ.

ಈ ಎಳೆತ ಎಷ್ಟು ನಾಜೂಕು ಅಂತ ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಯಿತು. ಹೊರಗೆ 30 ಡಿಗ್ರಿ, ಪೈಪಿನೊಳಗೆ 150 ಡಿಗ್ರಿ ಇದೆ ಅಂದುಕೊಳ್ಳಿ. ಒಳಗಿನ ಗಾಳಿ ಹಗುರ, ಅದಕ್ಕೇ ಮೇಲೇರುತ್ತದೆ. 3 ಮೀಟರ್ ಪೈಪಿನಲ್ಲಿ ಅದರಿಂದ ಹುಟ್ಟುವ ಎಳೆತ ಸುಮಾರು 10 ಪ್ಯಾಸ್ಕಲ್. ಅಂದರೆ 1 ಮಿಲಿಮೀಟರ್ ನೀರಿನ ಒತ್ತಡ, ಅಷ್ಟೇ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಗೋಡೆಗೆ ಬಡಿದರೆ ಹತ್ತಿರ ಹತ್ತಿರ 58 ಪ್ಯಾಸ್ಕಲ್ ಒತ್ತಡ ಹುಟ್ಟುತ್ತದೆ. ಜೋಗಿಮಟ್ಟಿ, ಹೊಸದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ ಅಲ್ವಾ?

ನಮ್ಮ ಅವ್ವ ಒಂದು ಮಾತು ಹೇಳಿದ್ದರು: “ನಸುಕಿನಾಗೆ ಚೆನ್ನಾಗೇ ಉರಿತೈತಪ್ಪ, ಹೊತ್ತೇರಿದ ಮೇಲೆ ಕಣ್ಣು ಬಿಡಕಾಗಲ್ಲ.” ಅರ್ಧ ಉತ್ತರ ಅಲ್ಲೇ ಇತ್ತು. ಒಲೆ ಕಟ್ಟಿದ್ದೇ ತಪ್ಪಾಗಿದ್ದರೆ ನಸುಕಿನಲ್ಲೂ ಹೊಗೆ ಬರಬೇಕಿತ್ತು. ಹೊತ್ತೇರಿದ ಮೇಲೆ ಬದಲಾಗುವುದು ಎರಡು. ಹೊರಗೆ ಗಾಳಿ ಏಳುತ್ತದೆ. ಒಳಗೆ ಎಕ್ಸಾಸ್ಟ್ ಫ್ಯಾನ್ ಹಾಕುತ್ತಾರೆ.

ಫ್ಯಾನ್ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ಈಗ ಎಷ್ಟೋ ಮನೆಗಳಲ್ಲಿ ಇದೇ ತೊಂದರೆ. ಹೊಗೆ ಹೋಗಲಿ ಅಂತ ಫ್ಯಾನ್ ಕೂರಿಸುತ್ತಾರೆ, ಧೂಳು ಬರಬಾರದು ಅಂತ ಕಿಟಕಿ ಮುಚ್ಚುತ್ತಾರೆ. ಫ್ಯಾನ್ ಹೊರಗೆ ದಬ್ಬಿದಷ್ಟು ಗಾಳಿ ಬೇರೆ ಎಲ್ಲಿಂದಾದರೂ ಒಳಗೆ ಬರಲೇಬೇಕು. ಎಲ್ಲ ಮುಚ್ಚಿದ್ದರೆ ಚಿಮ್ನಿಯಿಂದಲೇ ಇಳಿಯುತ್ತದೆ, ಹೊಗೆಯನ್ನೂ ಜೊತೆಗೆ ತರುತ್ತದೆ. ನೋಡುವುದು ಸುಲಭ. ಒಲೆ ಹಚ್ಚುವ ಮೊದಲು ಊದುಬತ್ತಿಯನ್ನು ಒಲೆ ಬಾಯಿಗೆ ಹಿಡಿಯಿರಿ. ಹೊಗೆ ಒಳಗೆ ಹೋದರೆ ಎಳೆತ ಸರಿ ಇದೆ. ಮುಖಕ್ಕೆ ಬಂದರೆ ಗಾಳಿ ತಿರುಗಿದೆ. ನಮ್ಮಲ್ಲಿ ಫ್ಯಾನ್ ಹಾಕಿದ ಕೂಡಲೇ ಹೊಗೆ ಮುಖಕ್ಕೆ ತಿರುಗುತ್ತಿತ್ತು, ಕಿಟಕಿ ತೆಗೆದರೆ ಮತ್ತೆ ಒಳಗೆ ಹೋಗುತ್ತಿತ್ತು. ಒಲೆ ಉರಿಯುವಾಗ ಫ್ಯಾನ್ ಬಂದ್ ಅಂತ ಮಾಡಿದೆವು. ಒಲೆಯ ಎದುರು ಗೋಡೆಯಲ್ಲಿ, ನೆಲದ ಹತ್ತಿರ, ಒಂದು ಕಿಂಡಿ ಬಿಡಿಸಿ ಇಲಿ ಬರದಂತೆ ತಂತಿ ಬಲೆ ಹೊಡೆದೆ.

ಇದರಿಂದ ಹೊಗೆ ತುಂಬಾ ತಗ್ಗಿತು. ಆದರೆ ಆಷಾಢದ ಗಾಳಿಗೆ ಮತ್ತೆ ಬುಸುಬುಸು ಅಂತ ವಾಪಸ್ ಬಂತು. ಈ ಸಲ ಮಾಳಿಗೆ ಹತ್ತಿದೆ. ಒಂದು ಕೋಲಿನ ತುದಿಗೆ ತೆಳು ಬಟ್ಟೆಯ ಪಟ್ಟಿ ಕಟ್ಟಿ ಪೈಪಿನ ಬಾಯಿಯ ಸುತ್ತ ಹಿಡಿದೆ. ಪೈಪ್ ಇದ್ದದ್ದು ಮೆಟ್ಟಿಲು ರೂಮಿನ ಪಡುವಣ ಗೋಡೆಯ ಪಕ್ಕ, ಅದಕ್ಕಿಂತ ಗಿಡ್ಡ. ಮಳೆಗಾಲದ ಗಾಳಿ ಬರುವುದೂ ಪಡುವಣದಿಂದಲೇ. ಗೋಡೆಗೆ ಬಡಿದ ಗಾಳಿ ಅಲ್ಲೇ ಒತ್ತಡ ಕಟ್ಟಿ, ಬಟ್ಟೆಯನ್ನು ಪೈಪಿನ ಬಾಯಿಯೊಳಕ್ಕೆ ತಳ್ಳುತ್ತಿತ್ತು. ಇಂಥ ಜಾಗದಲ್ಲಿ ಪೈಪ್ ಎತ್ತರಿಸುವುದೇ ಸರಿ. ಆದರೆ ಒಂದಡಿ ಅರ್ಧ ಅಡಿ ಏರಿಸಿದರೆ ಪೈಪಿನ ಬಾಯಿ ಅದೇ ಒತ್ತಡದೊಳಗೆ ಉಳಿಯುತ್ತದೆ. ಮೆಟ್ಟಿಲು ರೂಮಿನ ಮಾಡಿಗಿಂತ 2 ಅಡಿ ಮೇಲೆ ಬರುವಂತೆ ತಗಡಿನ ಪೈಪ್ ಜೋಡಿಸಿ, ಮೂರು ಕಡೆ ತಂತಿ ಬಿಗಿದೆ. ಹಳೆಯ ಟೊಪ್ಪಿ ಪೈಪಿನ ಬಾಯಿಗೆ ಅಂಟಿಕೊಂಡಂತೆ ಕೂತಿತ್ತು. ಅದನ್ನು ತೆಗೆದು ಇಂಗ್ಲಿಷಿನ ಟಿ ಆಕಾರದ ತುಂಡು ಕೂರಿಸಿದೆ. ಟೊಪ್ಪಿಯೇ ಬೇಕು ಅನ್ನುವವರು 4 ಇಂಚಿನ ಪೈಪಿಗೆ 4 ಇಂಚು ಸಂದು ಬಿಡಿ.

ಹಳೆಯ ಸಿಮೆಂಟ್ ಪೈಪ್ ಇರುವವರಿಗೆ ಒಂದು ಎಚ್ಚರಿಕೆ. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಗರಗಸ, ಕಟ್ಟಿಂಗ್ ಮಷೀನ್ ಹಾಕಬೇಡಿ. ಆ ಧೂಳು ಶ್ವಾಸಕೋಶ ಹಾಳು ಮಾಡುತ್ತದೆ, ಕ್ಯಾನ್ಸರ್ ತರುತ್ತದೆ. ನಾನು ಹಳೆಯದನ್ನು ಕತ್ತರಿಸದೆ, ಅದರ ಮೇಲೆಯೇ ತಗಡಿನ ಪೈಪನ್ನು ಹೊರಗಿನಿಂದ ತೊಡಿಸಿ ಸಂದಿಗೆ ಮಣ್ಣು-ಸಿಮೆಂಟ್ ಮೆತ್ತಿದೆ.

ಇನ್ನು ಸಣ್ಣಪುಟ್ಟವು. ಹಚ್ಚುವಾಗ ಮಾತ್ರ ಹೊಗೆ ಬಂದರೆ ಪೈಪ್ ತಣ್ಣಗಿದೆ ಅಂತ. ಪೈಪಿನ ಬುಡದ ಕಿಂಡಿಯಲ್ಲಿ ಒಣ ಸೋಗೆಯ ಒಂದು ಸಿವುಡು ಉರಿಸಿದರೆ ಎಳೆತ ಹಿಡಿಯುತ್ತದೆ. ಕೊನೆಯ ಕಣ್ಣಿನ ಮೇಲೆ ಪಾತ್ರೆ ಇಲ್ಲದಿದ್ದರೆ ತಟ್ಟೆ ಮುಚ್ಚಿ. ತೆರೆದಿದ್ದರೆ ಪೈಪ್ ಅಲ್ಲಿಂದ ತಣ್ಣನೆ ಗಾಳಿ ಎಳೆದುಕೊಂಡು ಒಲೆ ಬಾಯಿಯನ್ನು ಮರೆಯುತ್ತದೆ. ಜಾಲರಿ ಕೆಳಗೆ ಬೂದಿ ತುಂಬಲು ಬಿಡಬೇಡಿ.

ಇಡೀ ದಿನ ಹೊಗೆ, ಅದೂ ವಾರದಿಂದ ವಾರಕ್ಕೆ ಜಾಸ್ತಿ ಆಗುತ್ತಿದ್ದರೆ ಅದು ಮಸಿ. ಸುತ್ತಲೂ ಅರ್ಧ ಇಂಚು ಕೂತರೆ 4 ಇಂಚಿನ ಪೈಪ್ 3 ಇಂಚಿನದಾಗುತ್ತದೆ, ಹಾದಿ ನೂರಕ್ಕೆ 44ರಷ್ಟು ಕಮ್ಮಿ. ಹಸಿ ಕಟ್ಟಿಗೆ ಉರಿಸಿದರೆ ಮಸಿ ಜಿಡ್ಡಾಗಿ ಅಂಟುತ್ತದೆ, ಪೈಪಿನ ಸಂದಿಯಿಂದ ಕರಿನೀರು ಸೋರುತ್ತದೆ. ನಾನು ಗೋಣಿಚೀಲದ ಉಂಡೆಗೆ ಎರಡೂ ಕಡೆ ಹಗ್ಗ ಕಟ್ಟಿ, ಕೆಳಗಿನ ಹಗ್ಗಕ್ಕೆ ಕಲ್ಲು ಬಿಗಿದು ಮೇಲಿಂದ ಬಿಡುತ್ತೇನೆ. ಕೆಳಗೊಬ್ಬರು, ಮೇಲೊಬ್ಬರು ನಿಂತು ಎಳೆದಾಡಿದರೆ ಆಯಿತು. ಒಲೆ ಪೂರ್ತಿ ಆರಿರಬೇಕು, ಮೂಗಿಗೆ ಬಟ್ಟೆ ಇರಬೇಕು. ಆಷಾಢ ಶುರುವಾಗುವ ಮುಂಚೆ ಒಂದು ಸಲ, ದೀಪಾವಳಿ ಸುಣ್ಣಬಣ್ಣದ ಹೊತ್ತಿಗೆ ಇನ್ನೊಂದು ಸಲ ಮಾಡುತ್ತೇವೆ.