ಪುಣೆಯಲ್ಲಿ ಕ್ರಿಮಿನಲ್ ಕಾನೂನು ಪಾಠ: ನಾನು ಮಾಡುವ ರೀತಿ

ಕ್ರಿಮಿನಲ್ ಕಾನೂನು ಕಲಿಸಲು ಬರುವವರು ಮೊದಲು ಬಿಡಬೇಕಾದದ್ದು ಸೆಕ್ಷನ್ ಬಾಯಿಪಾಠ ಮಾಡಿಸುವ ರೂಢಿ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. 511 ಕಲಮುಗಳ ಹಳೆ ಭಾರತೀಯ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ 358 ಕಲಮುಗಳದ್ದು. ಹಳೆ ನಂಬರು ಬರೀ ಹೋಗಿದ್ದರೆ ಚಿಂತೆಯಿರಲಿಲ್ಲ, ಅದೇ ನಂಬರಿನಲ್ಲಿ ಈಗ ಬೇರೆ ಅಪರಾಧ ಕೂತಿದೆ. ಕೊಲೆಯ ಶಿಕ್ಷೆ 103ಕ್ಕೆ ಹೋಗಿದೆ, 302 ಈಗ ಧಾರ್ಮಿಕ ಭಾವನೆ ನೋಯಿಸುವ ಮಾತಿಗೆ ಸಂಬಂಧಿಸಿದ್ದು. 304 ಅಂದರೆ ಕೈಯಿಂದ, ಕೊರಳಿಂದ ಕಿತ್ತುಕೊಂಡು ಓಡುವುದು. 34 ಎಂದು ಬರೆದು ಸಮಾನ ಉದ್ದೇಶ (ಹಲವರು ಒಂದೇ ಉದ್ದೇಶದಿಂದ ಸೇರಿ ಮಾಡಿದ ಅಪರಾಧ) ವಿವರಿಸುವ ವಿದ್ಯಾರ್ಥಿ ಆತ್ಮರಕ್ಷಣೆಯ ಹಕ್ಕಿನ ಕಲಮಿಗೆ ಹೋಗಿ ನಿಂತಿರುತ್ತಾನೆ. ಸಮಾನ ಉದ್ದೇಶ ಈಗ 3(5).

ಅದಕ್ಕೆ ನಾನು ಬೋರ್ಡಿನ ಮೇಲೆ ಮೂರು ಅಂಕಣ ಎಳೆಯುತ್ತೇನೆ: ಹಳೆ ಕಲಮು, ಹೊಸ ಕಲಮು, ಬದಲಾದ ಮಾತು. ಮೂರನೆಯದರಲ್ಲೇ ಪಾಠ ಇರುವುದು. ಕಳವಿನ ಕಲಮು 303ನ್ನೇ ನೋಡಿ. ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲದ ಅಪರಾಧಿಯಾಗಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಇದು ಹಳೆ 379ರಲ್ಲಿ ಇರಲಿಲ್ಲ.

ಇನ್ನೊಂದು ತೊಡಕು ತಾರೀಖಿನದು. 2024ರ ಜೂನ್‌ನಲ್ಲಿ ನಡೆದ ಕೃತ್ಯಕ್ಕೆ ಆಗಸ್ಟ್‌ನಲ್ಲಿ ಎಫ್‌ಐಆರ್ ಆದರೆ ಅಪರಾಧ ಹಳೆ ದಂಡ ಸಂಹಿತೆಯದು, ತನಿಖೆ ಮಾತ್ರ ಹೊಸ ನಾಗರಿಕ ಸುರಕ್ಷಾ ಸಂಹಿತೆಯಂತೆ, ಅಂದರೆ ತನಿಖೆ-ವಿಚಾರಣೆಯ ವಿಧಾನದ ಕಾನೂನಿನಂತೆ. ಕೃತ್ಯ ನಡೆದಾಗ ಜಾರಿಯಲ್ಲಿದ್ದ ಕಾನೂನಿನಂತೆಯೇ ಶಿಕ್ಷೆ ಎನ್ನುವ ಸಂವಿಧಾನದ 20(1)ನೇ ವಿಧಿಯನ್ನು ಇಲ್ಲೇ ಓದಿಸಬೇಕು. ಬೇರೆ ದಿನ ಓದಿಸಿದರೆ ಅದು ಒಣ ಸೂತ್ರವಾಗಿ ಉಳಿಯುತ್ತದೆ. ಹಳೆ ಸಂಹಿತೆಯಡಿಯ ಮೊಕದ್ದಮೆಗಳು ಕೋರ್ಟಿನಲ್ಲಿ ಇನ್ನೂ ನಡೆಯುತ್ತಿರುವುದರಿಂದ ಎರಡನ್ನೂ ಕಲಿಸದೆ ಗತಿಯಿಲ್ಲ.

ಹೆಚ್ಚು ಹೊತ್ತು ಕೊಡಬೇಕಾದದ್ದು ನರಹತ್ಯೆ ಮತ್ತು ಕೊಲೆಯ ಭೇದಕ್ಕೆ. ನಾನು ಎಂಟು ತಾಸು ಇಡುತ್ತೇನೆ. ತೀರ್ಪನ್ನು ಪೂರ್ತಿ ಕೊಡುವುದಿಲ್ಲ. ಸಂಗತಿಗಳಿರುವ ಭಾಗವನ್ನಷ್ಟೇ ಕೊಟ್ಟು, ಹದಿನೈದು ನಿಮಿಷದಲ್ಲಿ ತಮ್ಮ ತೀರ್ಮಾನ ಬರೆಯಿರಿ ಅನ್ನುತ್ತೇನೆ. 1958ರ ವಿರ್ಸಾ ಸಿಂಗ್ ಪ್ರಕರಣದಲ್ಲಿ ಹೊಟ್ಟೆಗೆ ಭರ್ಜಿಯ ಒಂದೇ ತಿವಿತ. ‘ಸಾಯಿಸುವ ಉದ್ದೇಶ ಇತ್ತೋ ಇಲ್ಲವೋ ಗೊತ್ತಿಲ್ಲ, ಆದ್ದರಿಂದ ಕೊಲೆಯಲ್ಲ’ ಎಂದು ಬರೆಯುವವರೇ ಹೆಚ್ಚು. ತಪ್ಪು ಎಲ್ಲಿ ಅಂದರೆ, ಈಗಿನ 101(ಸಿ)ಯಲ್ಲಿ ಉದ್ದೇಶ ಬೇಕಿರುವುದು ಆ ಗಾಯ ಮಾಡುವುದಕ್ಕೆ ಮಾತ್ರ. ಗಾಯ ಆಗಿದೆ, ಅದು ಎಂಥದ್ದು, ಅದೇ ಗಾಯವನ್ನು ಬೇಕೆಂದೇ ಮಾಡಿದ್ದು, ಆಕಸ್ಮಿಕವಲ್ಲ ಎಂದು ಸಾಬೀತಾದ ಮೇಲೆ, ಅದು ಸಾವಿಗೆ ಸಾಕಾಗುವಂಥದ್ದೋ ಎಂಬುದನ್ನು ಗಾಯ ನೋಡಿ ನಿರ್ಧರಿಸಬೇಕು. ಆರೋಪಿಗೆ ಅದು ತಿಳಿದಿತ್ತೇ ಎಂಬ ಪ್ರಶ್ನೆ ಅಲ್ಲಿಲ್ಲ. ಇಷ್ಟು ಕೂತ ಮೇಲೆ ಒಂದೊಂದೇ ಸಂಗತಿ ಬದಲಿಸುತ್ತೇನೆ: ಒಮ್ಮೆ, ಭರ್ಜಿ ತೊಡೆಗೆ ತಾಗಿತು; ಇನ್ನೊಮ್ಮೆ, ಗುರಿಯಿಟ್ಟದ್ದು ತೊಡೆಗೆ, ಎದುರಿನವನು ಬಗ್ಗಿದ್ದರಿಂದ ಹೊಟ್ಟೆಗೆ ತಾಗಿತು. ಎರಡು ಸಂಗತಿಗಳನ್ನು ಒಟ್ಟಿಗೆ ಬದಲಿಸಬಾರದು, ಯಾವುದರಿಂದ ಉತ್ತರ ಬದಲಾಯಿತು ಎಂಬುದು ಕೈತಪ್ಪುತ್ತದೆ.

ಕೊಲೆಯನ್ನು ನರಹತ್ಯೆಗೆ ಇಳಿಸುವ ಹಠಾತ್ ಪ್ರಚೋದನೆಗೆ ಮುಂಬಯಿಯ ನಾನಾವತಿ ಪ್ರಕರಣ (1959ರ ಘಟನೆ, 1961ರ ಸುಪ್ರೀಂ ಕೋರ್ಟ್ ತೀರ್ಪು): ನೌಕಾಪಡೆಯ ಅಧಿಕಾರಿಯೊಬ್ಬ ಹೆಂಡತಿಯ ಪ್ರಿಯಕರನಿಗೆ ಗುಂಡು ಹೊಡೆದದ್ದು. ಎಲ್ಲರಿಗೂ ಕಥೆ ಗೊತ್ತಿರುವುದೇ ಇದರ ಕಷ್ಟ. ಗಂಡ-ಹೆಂಡತಿಯ ಮಾತು ಪಕ್ಕಕ್ಕಿಟ್ಟು, ಸಿಟ್ಟು ಆರಲು ಎಷ್ಟು ಹೊತ್ತು ಸಿಕ್ಕಿತ್ತು ಎಂದು ಕಾಣಲು ಗಡಿಯಾರ ಮಾತ್ರ ಬರೆಸುತ್ತೇನೆ. ಮಧ್ಯಾಹ್ನ 1.30ಕ್ಕೆ ಮನೆ ಬಿಟ್ಟದ್ದು, ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟದ್ದು, ಹಡಗಿಗೆ ಹೋಗಿ ರಿವಾಲ್ವರ್ ತೆಗೆದುಕೊಂಡದ್ದು, ಕಚೇರಿಯಲ್ಲಿ ಹುಡುಕಿ ಫ್ಲಾಟಿಗೆ ಹೋದದ್ದು, 4.20ಕ್ಕೆ ಗುಂಡು. ಜ್ಯೂರಿ 8–1ರಿಂದ ನಿರಪರಾಧಿ ಅಂದದ್ದೂ, ಮೇಲಿನ ಕೋರ್ಟುಗಳು ಒಪ್ಪದ್ದೂ ಈ ಪಟ್ಟಿ ಎದುರಿಗಿದ್ದಾಗ ತಾನಾಗಿ ಅರ್ಥವಾಗುತ್ತದೆ. ಸಿದ್ಧತೆ ಮತ್ತು ಪ್ರಯತ್ನದ ಗೆರೆಗೆ 1980ರ ಮೊಹಮ್ಮದ್ ಯಾಕೂಬ್ ತೀರ್ಪು ಸಾಕು. ವಸಯಿ ಕಡೆಯ ಖಾರಿಯ (ಸಮುದ್ರದ ಕಿರಿದಾದ ಚಾಚಿನ) ದಡದಲ್ಲಿ ಸಿಕ್ಕ ಬೆಳ್ಳಿ ಗಟ್ಟಿಗಳ ಕಳ್ಳಸಾಗಣೆಯದು.

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಬರುವ ನಮ್ಮ ಹುಡುಗ-ಹುಡುಗಿಯರಿಗೆ ಒಂದು ಪ್ರತ್ಯೇಕ ಎಚ್ಚರಿಕೆ. ಇಲ್ಲಿನ ಎಫ್‌ಐಆರ್, ಸಾಕ್ಷಿ ಹೇಳಿಕೆ ಮರಾಠಿಯಲ್ಲಿರುತ್ತವೆ. ಕನ್ನಡದ ಕಿವಿಗೆ ಪರಿಚಿತವೆನಿಸುವ ಪದಗಳೇ ದಾರಿ ತಪ್ಪಿಸುತ್ತವೆ. ‘ಫಿತೂರ್’ ಅಂದರೆ ಪಿತೂರಿಯಲ್ಲ, ತಿರುಗಿಬಿದ್ದ ಸಾಕ್ಷಿ; ಪಿತೂರಿಗೆ ಅವರು ‘ಕಟ್’ ಅನ್ನುತ್ತಾರೆ. ‘ಜಬಾಬ್’ ಉತ್ತರವಲ್ಲ, ಹೇಳಿಕೆ. ‘ಅಟಕ್’ ತಡೆದು ನಿಲ್ಲಿಸುವುದಲ್ಲ, ದಸ್ತಗಿರಿ. ನಮ್ಮ ಮಹಜರು ಇಲ್ಲಿ ಪಂಚನಾಮಾ, ನಮ್ಮ ಗುನ್ನೆ ಇಲ್ಲಿ ಗುನ್ಹಾ. ನಲವತ್ತು ಪದಗಳ ಪಟ್ಟಿಯನ್ನು ಮೊದಲ ವಾರವೇ ಕೊಟ್ಟುಬಿಡುತ್ತೇನೆ.

ಎಲ್‌ಎಲ್‌ಬಿಯಲ್ಲಿ ಎರಡು ವಿಚಾರಣೆ ನೋಡಿ ಬರೆಯುವ ಕೆಲಸಕ್ಕೆ 30 ಅಂಕ. ಇದನ್ನು ಕಾಟಾಚಾರಕ್ಕೆ ಮುಗಿಸುವುದನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ. ಶಿವಾಜಿನಗರದ ಜಿಲ್ಲಾ ನ್ಯಾಯಾಲಯಕ್ಕೆ ಆರೆಂಟು ಜನರ ಗುಂಪಾಗಿ ಮಾತ್ರ ಕರೆದೊಯ್ಯಬೇಕು, ಕೋಣೆಗಳು ಚಿಕ್ಕವು. ಹಿಂದಿನ ರಾತ್ರಿ ನ್ಯಾಯಾಲಯಗಳ ಜಾಲತಾಣವಾದ ಇ-ಕೋರ್ಟ್ಸ್‌ನಲ್ಲಿ ಪ್ರಕರಣಗಳ ಪಟ್ಟಿ ನೋಡಿ, ಸಾಕ್ಷ್ಯದ ಹಂತದಲ್ಲಿರುವ ಸೆಷನ್ಸ್ ಪ್ರಕರಣ ಆರಿಸುತ್ತೇನೆ. ವಾದದ ಹಂತದ್ದು ಹೊಸಬರಿಗೆ ತಿಳಿಯುವುದಿಲ್ಲ. ಎರಡು ಪ್ರಕರಣಗಳನ್ನಾದರೂ ಹೆಚ್ಚಿಗೆ ಗುರುತಿಸಿಡಬೇಕು, ಮುಂದೂಡುವುದು ಸಾಮಾನ್ಯ. ಅತ್ಯಾಚಾರದ ವಿಚಾರಣೆ ಮುಚ್ಚಿದ ಬಾಗಿಲಿನದು, ಅಲ್ಲಿಗೆ ಹೋಗುವಂತಿಲ್ಲ. ಟಿಪ್ಪಣಿಯಲ್ಲಿ ಹೆಸರು ಬರೆಯಬಾರದು: ಪಿಡಬ್ಲ್ಯು 1, ಪಿಡಬ್ಲ್ಯು 2 (ಸರ್ಕಾರದ ಪರ ಸಾಕ್ಷಿ 1, 2) ಅಷ್ಟೇ.

ಕೆಲಸಕ್ಕೆ ಸೇರುವ ದಾರಿ ಚಿಕ್ಕದಾಗಿ ಹೇಳುತ್ತೇನೆ. ಎಲ್‌ಎಲ್‌ಎಂನಲ್ಲಿ 55 ಪ್ರತಿಶತ, ಮೇಲೆ ಅಧ್ಯಾಪಕರ ಅರ್ಹತಾ ಪರೀಕ್ಷೆ: ರಾಷ್ಟ್ರಮಟ್ಟದ ನೆಟ್ ಅಥವಾ ಪುಣೆ ವಿಶ್ವವಿದ್ಯಾಲಯ ಮಹಾರಾಷ್ಟ್ರ-ಗೋವಾಗಳಿಗೆ ನಡೆಸುವ ಸೆಟ್. ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನ 57,700 ರೂಪಾಯಿ, ವಾರಕ್ಕೆ 16 ತಾಸು ಪಾಠ. ಆದರೆ ಅನೇಕರ ಮೊದಲ ವರ್ಷಗಳು ‘ತಾಸಿಕಾ ತತ್ವ’ದಲ್ಲಿ, ಅಂದರೆ ತಾಸಿನ ಲೆಕ್ಕದ ಸಂಬಳದಲ್ಲಿ ಕಳೆಯುತ್ತವೆ. ವಕೀಲಿ ಮಾಡುತ್ತ ದಿನಕ್ಕೆ ಮೂರು ತಾಸಿನವರೆಗೆ ಕಾನೂನು ಕಲಿಸಲು, ವಕೀಲರ ಕಾನೂನು ಬೋಧನೆಯ ಬಗೆಗಿನ 1979ರ ನಿಯಮಗಳಲ್ಲಿ ಅವಕಾಶವಿದೆ. ಪೂರ್ಣಾವಧಿಗೆ ಸೇರಿದರೆ ವಕೀಲಿ ನಿಲ್ಲಿಸಬೇಕು. ಆಮೇಲೆ ಕೋರ್ಟಿನ ನಂಟು ಉಳಿಸಿಕೊಳ್ಳುವುದು ನಮ್ಮ ಪ್ರಯತ್ನಕ್ಕೆ ಬಿಟ್ಟದ್ದು. ನಾನು ವಾರಕ್ಕೊಂದು ಸೆಷನ್ಸ್ ತೀರ್ಪು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಮೇಲಿನ ಕೋರ್ಟಿನ ತೀರ್ಪಿನಲ್ಲಿ ಕಾನೂನು ಸಿಗುತ್ತದೆ, ಸಾಕ್ಷ್ಯ ಎಲ್ಲಿ ಮುರಿದುಬಿತ್ತು ಎಂಬುದು ಸಿಗುವುದು ಕೆಳಗಿನದರಲ್ಲಿ.

ಪಿಎಚ್‌ಡಿಗೆ ‘ತಿರುಗಿಬಿದ್ದ ಸಾಕ್ಷಿಗಳು’ ಎಂಬಷ್ಟು ಅಗಲದ ವಿಷಯ ಬೇಡ. ಒಂದು ಜಿಲ್ಲೆ, ಒಂದು ಕಲಮು, ಐದು ವರ್ಷದ ತೀರ್ಪುಗಳು ಎಂದು ಗೆರೆ ಹಾಕಿಕೊಂಡರೆ ಮುಗಿಯುತ್ತದೆ. ಅಧ್ಯಾಪಕರ ಬರಹದಿಂದ ಏನಾದೀತು ಅನ್ನುವವರಿಗೆ ತುಕಾರಾಂ ವಿರುದ್ಧ ಮಹಾರಾಷ್ಟ್ರ ಸರ್ಕಾರದ ತೀರ್ಪಿನ (ಠಾಣೆಯಲ್ಲಿ ನಡೆದ ಅತ್ಯಾಚಾರದ ಆರೋಪದಿಂದ ಪೊಲೀಸರನ್ನು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿದ್ದು) ಮೇಲೆ 1979ರಲ್ಲಿ ಉಪೇಂದ್ರ ಬಕ್ಷಿ, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್, ಲೋತಿಕಾ ಸರ್ಕಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಬಹಿರಂಗ ಪತ್ರವನ್ನು ಓದಲು ಕೊಡುತ್ತೇನೆ. ಅದರಿಂದ ಎದ್ದ ಚಳವಳಿಯ ಫಲವಾಗಿ 1983ರಲ್ಲಿ ಅತ್ಯಾಚಾರದ ಕಾನೂನೇ ತಿದ್ದುಪಡಿಯಾಯಿತು. ಆ ಪಾಠಕ್ಕೆ ಮೊದಲು, ವಿಷಯ ಇಂಥದ್ದು ಎಂದು ಒಂದು ದಿನ ಮುಂಚೆ ತಿಳಿಸುತ್ತೇನೆ. ತರಗತಿಯಲ್ಲಿ ಅದನ್ನು ಅನುಭವಿಸಿದವರು ಇರಬಹುದು.

ಪ್ರಶ್ನೆಪತ್ರಿಕೆ ತೆಗೆಯುವಾಗ ‘ಕೊಲೆಯನ್ನು ವಿವರಿಸಿ’ ಎಂದು ಕೇಳುವುದಿಲ್ಲ. ಅರ್ಧ ಪುಟದ ಸಂಗತಿ ಕೊಟ್ಟು 15 ಅಂಕ ಇಡುತ್ತೇನೆ: ಪ್ರಶ್ನೆ ಗುರುತಿಸಿದ್ದಕ್ಕೆ 3, ಕಲಮಿನ ಅಂಗಗಳಿಗೆ 4, ಸಂಗತಿಗೆ ಹೊಂದಿಸಿದ್ದಕ್ಕೆ 6, ತೀರ್ಮಾನಕ್ಕೆ 2. ತೀರ್ಮಾನ ನನ್ನದಕ್ಕಿಂತ ಬೇರೆಯಾಗಿದ್ದು ತರ್ಕ ಸರಿಯಿದ್ದರೆ ಆ 2ನ್ನೂ ಕೊಡುತ್ತೇನೆ.