ಗುಜರಿ ರೇಡಿಯೋ ನಂಬಿ ಆಂಪ್ ಎಬ್ಬಿಸಿದ್ದು

"ಇದಕ್ಕೆ ಬೆಂಗಳೂರಲ್ಲಿ ಸಾಮಾನು ಸಿಗಲ್ಲ ಮಾರಾಯ, ಸುಮ್ನೆ ಶೋಕೇಸಲ್ಲಿಡು." ನಾನು ತಂದ ಹಳೇ ವಾಲ್ವ್ (ಗಾಜಿನ ಟ್ಯೂಬಿನ) ಗಿಟಾರ್ ಆಂಪ್ ನೋಡಿ ನಮ್ಮ ಬ್ಯಾಂಡಿನವರೇ ಹೀಗಂದಿದ್ದರು. ಈಗ ಪ್ರಾಕ್ಟೀಸಿಗೆ ಬಂದವರು ಮೊದಲು ಅದಕ್ಕೇ ಗಿಟಾರ್ ಚುಚ್ಚುತ್ತಾರೆ.

ವಾಟ್ಕಿನ್ಸ್ ಡಾಮಿನೇಟರ್, ವಿ ಆಕಾರದ ಮುಖದ್ದು, 1960ರ ಆಸುಪಾಸಿನದು. ಕಾಕ್ಸ್ ಟೌನಿನಲ್ಲಿ ಒಂದು ಹಳೇ ಮನೆ ಖಾಲಿ ಮಾಡುವಾಗ 12 ಸಾವಿರಕ್ಕೆ ಸಿಕ್ಕಿತು. ಸ್ಪೀಕರ್ ಓಡಿಸೋ ಎರಡೂ ಇಎಲ್84 ವಾಲ್ವ್ ಮಾಯ. ಫಿಲ್ಟರ್ ಕೆಪಾಸಿಟರ್ ಸೋರಿ ಅಂಟಂಟು. ವಾಲ್ವಿನಿಂದ ಸ್ಪೀಕರಿಗೆ ಸದ್ದು ದಾಟಿಸೋ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ.

ಮೊದಲು ಆನ್‌ಲೈನಲ್ಲಿ 'ಮ್ಯಾಚ್ಡ್ ಪೇರ್' (ಒಂದೇ ಸಮ ಕರೆಂಟ್ ಎಳೆಯೋ ಜೋಡಿ) ಅಂತ ಸುಮಾರು 4 ಸಾವಿರ ಕೊಟ್ಟು ವಾಲ್ವ್ ತರಿಸಿದೆ. ಆಮೇಲೆ ಹಾಕಿ ನೋಡಿದರೆ ಒಂದು 40 ಮಿಲಿಆಂಪ್ ಎಳೆಯುತ್ತೆ, ಇನ್ನೊಂದು 22. ಮಾರಿದವರು ಫೋನೇ ಎತ್ತಲಿಲ್ಲ. ಆಗ ಹೊಳೆದದ್ದು ನಮ್ಮ ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್. ಅಲ್ಲಿ ಇಎಲ್84 ತಯಾರಾಗುತ್ತಿದ್ದ ಕಾಲವೊಂದಿತ್ತಲ್ವಾ? ಹಳೇ ವಾಲ್ವ್ ರೇಡಿಯೋಗಳ ಔಟ್‌ಪುಟ್‌ನಲ್ಲಿ ಎಷ್ಟೋ ಸಲ ಕೂತಿರೋದು ಅದೇ. ಚಿಕ್ಕಪೇಟೆ ಸಂಡೇ ಬಜಾರು, ಎಸ್.ಪಿ. ರೋಡಿನ ಒಳಗಲ್ಲಿ ಅಂತ ಎರಡು ತಿಂಗಳು ಅಲೆದು ಏಳು ವಾಲ್ವ್ ಕೂಡಿಸಿದೆ, ತಲಾ 300ರಿಂದ 400. ಯಾವ ಗಲ್ಲಿ ಅಂತ ಕೇಳಬೇಡಿ, ನನಗಿನ್ನೂ ಬೇಕು. ತಲೆಯ ಬೆಳ್ಳಿ ಹೊಳಪು ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ ಅಂತ, ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಪ್ರತಿ ವಾಲ್ವಿನ ಕ್ಯಾಥೋಡ್ ಪಿನ್ನಿಗೂ 10 ಓಮ್ ರೆಸಿಸ್ಟರ್ ಹಾಕಿ ಎಷ್ಟು ಕರೆಂಟ್ ಎಳೆಯುತ್ತೆ ಅಂತ ಒಂದೊಂದನ್ನೇ ಅಳೆದೆ. 36 ಮತ್ತು 37 ಮಿಲಿಆಂಪ್, ಜೋಡಿ ಸಿಕ್ಕಿತು!

ನಿಜವಾದ ತಲೆನೋವು ಟ್ರಾನ್ಸ್‌ಫಾರ್ಮರ್. ವಿದೇಶದಿಂದ ತರಿಸಿದರೆ ಕಸ್ಟಮ್ಸ್ ಬಿಟ್ಟೇ 9 ಸಾವಿರ. ಇಲ್ಲೇ ಹೊಸದಾಗಿ ಸುತ್ತಿಸೋಣ ಅಂದರೆ ಹಳೇದರ ಲೆಕ್ಕ ಬೇಕು. ಪ್ರೈಮರಿಯ (ವಾಲ್ವ್ ಕಡೆಯ ಸುತ್ತು) ಅರ್ಧ ಕಡಿದಿತ್ತು, ಇನ್ನರ್ಧ ಜೀವಂತ. ಸೆಕೆಂಡರಿಗೆ (ಸ್ಪೀಕರ್ ಕಡೆಯ ಸುತ್ತು) 6.3 ವೋಲ್ಟ್ ಎಸಿ ಕೊಟ್ಟೆ, ಜೀವ ಇದ್ದ ಅರ್ಧದಲ್ಲಿ ನೂರರ ಹತ್ತಿರ ಬಂತು. ಪೂರ್ತಿಗೆ 200, ಅಂದರೆ ಅನುಪಾತ 32ರ ಹತ್ತಿರ. ವರ್ಗ ಮಾಡಿ ಸ್ಪೀಕರಿನ 8 ಓಮಿಗೆ ಗುಣಿಸಿದರೆ 8 ಸಾವಿರ ಚಿಲ್ಲರೆ ಓಮ್. ಇಎಲ್84 ಜೋಡಿಗೆ ಬೇಕಾದದ್ದು ಅದೇ. (ಮುಟ್ಟಿ ನೋಡಬೇಡಿ, ಆ ನೂರು ವೋಲ್ಟ್ ನನ್ನ ಹೆಬ್ಬೆರಳಿಗೆ ಚೆನ್ನಾಗಿ ನೆನಪಿದೆ.)

ಮೊದಲು ಸುತ್ತಿಕೊಟ್ಟವರು ಸ್ಟೆಬಿಲೈಜರಿನ ಲೆಕ್ಕದಲ್ಲಿ ಇಡೀ ಪ್ರೈಮರಿ ಸುತ್ತಿ, ಅದರ ಮೇಲೆ ಇಡೀ ಸೆಕೆಂಡರಿ ಸುತ್ತಿದರು. 900 ರೂಪಾಯಿ ಹೋಯಿತು. ಸದ್ದು ಕಂಬಳಿ ಹೊದ್ದು ಹಾಡಿದ ಹಾಗೆ. ಎರಡನೇ ಸಲ ಒಬ್ಬ ಹಿರಿಯರ ಹತ್ತಿರ ಹೋದೆ. "ಈ ಕಾಲದಲ್ಲೂ ವಾಲ್ವಾ ಸಾರ್?" ಅಂತ ನಕ್ಕರು, ಕೆಲಸ ಮಾತ್ರ ಬಿಡಲಿಲ್ಲ. ಪ್ರೈಮರಿ, ಸೆಕೆಂಡರಿ ಹೋಳು ಮಾಡಿ ಒಂದರ ಮೇಲೊಂದು ಪದರ ಪದರವಾಗಿ ಸುತ್ತಿದರು. ಎಷ್ಟು ಹೋಳು ಅನ್ನೋದು ನಮ್ಮಿಬ್ಬರ ಗುಟ್ಟು. 1,800 ಆಯಿತು, ತಂತಿಗಳು ಮತ್ತೆ ಕಿಣಿಕಿಣಿ ಅಂದವು.

ನಡುವೆ ಒಂದು ಅತಿಬುದ್ಧಿ. ಹಮ್ (ಗುಂಯ್ ಅನ್ನೋ ಸದ್ದು) ಕಡಿಮೆ ಆಗಲಿ ಅಂತ 32 ಮೈಕ್ರೋಫ್ಯಾರಡ್ ಫಿಲ್ಟರ್ ಕೆಪಾಸಿಟರ್ ಇದ್ದ ಜಾಗಕ್ಕೆ 100ರದ್ದು ಹಾಕಿದೆ. ಎಸಿಯನ್ನು ಡಿಸಿ ಮಾಡೋ ಇಝಡ್81 ವಾಲ್ವ್ ಒಳಗೇ ಚಟಪಟ ಕಿಡಿ, ಹತ್ತು ಸೆಕೆಂಡಲ್ಲಿ ಕಥೆ ಮುಗಿಯಿತು. ಅದಕ್ಕೆ ಮಿತಿಯೇ 50. ಮತ್ತೆ 700 ದಂಡ. ಇನ್ನೊಂದು ದಿನ ಗಿಟಾರಿನ ಸಣ್ಣ ಸಿಗ್ನಲ್ ಹಿಗ್ಗಿಸೋ ಇಸಿಸಿ83 ಬದಲು ರಷ್ಯಾದ 6ಎನ್2ಪಿ ಚುಚ್ಚಿದೆ. ಒಳಗಿನ ಹೀಟರ್ ತಂತಿ ಉರಿಯಲೇ ಇಲ್ಲ. ಅದರ ಹೀಟರ್ 4 ಮತ್ತು 5ನೇ ಪಿನ್‌ಗೆ, ನಮ್ಮ ಬೇಸಲ್ಲಿ (ವಾಲ್ವ್ ಚುಚ್ಚೋ ಸಾಕೆಟ್) ಅವೆರಡೂ ಒಟ್ಟಿಗೇ ಕಟ್ಟಿವೆ. ಬೇಸಿನ ವಯರ್ ಬದಲಿಸಿದ ಮೇಲೆ ಉರಿಯಿತು, ಸದ್ದೂ ಪರವಾಗಿಲ್ಲ. ಆದರೂ ಹಳೇದನ್ನೇ ವಾಪಸ್ ಹಾಕಿದೆ.

ಆಂಪ್ ದುಡ್ಡು ಬಿಟ್ಟು ಒಟ್ಟು 11 ಸಾವಿರದ ಹತ್ತಿರ ಖರ್ಚಾಗಿದೆ, ಅದರಲ್ಲಿ ಅರ್ಧ ನನ್ನ ದಡ್ಡತನದ್ದು. ಶೋಕೇಸಲ್ಲಿಡು ಅಂದಿದ್ದ ಗೆಳೆಯ ಮೊನ್ನೆ ತನ್ನದೊಂದು ಸತ್ತ ಆಂಪ್ ತಂದು ಬಾಗಿಲಲ್ಲಿ ನಿಂತಿದ್ದ. ಮೊದಲು ಹೋಗಿ ನಾಲ್ಕು ರೇಡಿಯೋ ಹುಡುಕಿಕೊಂಡು ಬಾ ಅಂತ ಕಳಿಸಿದ್ದೇನೆ.